ಅರ್ಧ ಅಂಕದ ತೂಕ

ಚದುರಂಗ ಪಂದ್ಯಾವಳಿ ನಡೆಯುವ ಸಭಾಂಗಣದಲ್ಲಿ ಪ್ರತಿ ಸುತ್ತು ಮುಗಿದ ಮೇಲೆ ಗೋಡೆಗೆ ಒಂದು ಪಟ್ಟಿ ಅಂಟಿಸುತ್ತಾರೆ. ಎಡಕ್ಕೊಂದು ಹೆಸರು, ಬಲಕ್ಕೊಂದು ಹೆಸರು, ಪಕ್ಕದಲ್ಲಿ ಅವರವರ ರೇಟಿಂಗ್, ನಡುವೆ ಫಲಿತಾಂಶ. 1800 ರೇಟಿಂಗ್‌ನವರು 1400ರವರನ್ನು ಸೋಲಿಸಿದ ಸಾಲನ್ನು ಯಾರೂ ಎರಡು ಸಲ ಓದುವುದಿಲ್ಲ. ಅದೇ ಸಾಲಿನಲ್ಲಿ ½–½ ಎಂದಿದ್ದರೆ ಅಲ್ಲಿ ಬೆರಳಿಟ್ಟು ನಿಲ್ಲುವವರು ಇರುತ್ತಾರೆ. ಪಟ್ಟಿಯ ಪ್ರಕಾರ ಇಬ್ಬರೂ ಸಮ; ಇಬ್ಬರಿಗೂ ಅರ್ಧರ್ಧ ಅಂಕ. ಆದರೆ ಒಬ್ಬರು ಮುಖ ಸಣ್ಣ ಮಾಡಿಕೊಂಡು ಹೊರಗೆ ಹೋಗಿರುತ್ತಾರೆ; ಇನ್ನೊಬ್ಬರು ಮನೆಗೆ ಫೋನ್ ಮಾಡುತ್ತಿರುತ್ತಾರೆ.

ಒಂದೇ ಫಲಿತಾಂಶ ಇಬ್ಬರಿಗೆ ಎರಡು ಅರ್ಥ ಕೊಡುವುದು ಹೇಗೆ? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಂಥ ಊರುಗಳಿಂದ ದೊಡ್ಡ ಪಂದ್ಯಾವಳಿಗೆ ಮೊದಲ ಸಲ ಹೊರಡುವ ಮಕ್ಕಳಿಗೂ ಅವರ ತಂದೆ–ತಾಯಿಗೂ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಶಾಲಾ ಕ್ರೀಡಾಕೂಟದಲ್ಲಿ ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಮೆಟ್ಟಿಲು ಹತ್ತಿದ ಮಗು ರೇಟಿಂಗ್ ಪಂದ್ಯಾವಳಿಗೆ ಕಾಲಿಟ್ಟಾಗ ಪಟ್ಟಿಯ ತೀರ ಕೆಳಗಿನ ಸಾಲಿನಲ್ಲಿರುತ್ತದೆ. ಗೆದ್ದ ಕಪ್ಪುಗಳಿಗೆ ಅಲ್ಲಿ ಲೆಕ್ಕವಿಲ್ಲ. ಹೆಸರಿನ ಮುಂದೆ ಇರುವುದು ಒಂದು ಸೊನ್ನೆ.

ಅಸಮ ಜೋಡಿಯ ಪದ್ಧತಿ

ಇಂಥ ಮಗುವಿಗೆ ಮೊದಲ ದಿನವೇ ಪ್ರಬಲ ಎದುರಾಳಿ ಸಿಗುವುದು ಆಕಸ್ಮಿಕವಲ್ಲ. ನೂರಾರು ಜನ ಸೇರಿದಾಗ ಎಲ್ಲರೂ ಎಲ್ಲರೊಡನೆ ಆಡುವುದು ಸಾಧ್ಯವಿಲ್ಲ. ಒಮ್ಮೆ ಸೋತವರನ್ನು ಮನೆಗೆ ಕಳುಹಿಸುವುದೂ ನ್ಯಾಯವಲ್ಲ. ಅದಕ್ಕಾಗಿ ರೂಪುಗೊಂಡದ್ದು ಸ್ವಿಸ್ ಪದ್ಧತಿ. 1895ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮೊದಲ ಬಾರಿಗೆ ಬಳಕೆಗೆ ಬಂದ ಈ ಪದ್ಧತಿಯಲ್ಲಿ ಸೋತವರೂ ಕೊನೆಯ ಸುತ್ತಿನವರೆಗೆ ಆಡುತ್ತಾರೆ. ಪ್ರತಿ ಸುತ್ತಿನಲ್ಲೂ ಸಮಾನ ಅಂಕ ಪಡೆದವರನ್ನು ಎದುರುಬದುರು ಕೂರಿಸಲಾಗುತ್ತದೆ.

ಮೊದಲ ಸುತ್ತಿನಲ್ಲಿ ಯಾರಿಗೂ ಅಂಕವಿರುವುದಿಲ್ಲ. ಆಗ ರೇಟಿಂಗ್ ಪ್ರಕಾರ ಪಟ್ಟಿ ಮಾಡಿ, ಅದನ್ನು ಅರ್ಧಕ್ಕೆ ಮಡಚಿ, ಮೇಲಿನ ಅರ್ಧವನ್ನು ಕೆಳಗಿನ ಅರ್ಧಕ್ಕೆ ಜೋಡಿಸುತ್ತಾರೆ. 200 ಜನರಿದ್ದರೆ 1ನೆಯವರಿಗೆ 101ನೆಯವರು, 2ನೆಯವರಿಗೆ 102ನೆಯವರು, 100ನೆಯವರಿಗೆ 200ನೆಯವರು ಎದುರಾಳಿ. ಹೀಗೆ ಮೊದಲ ಸುತ್ತೆಂದರೆ ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಅಸಮ ಜೋಡಿಗಳ ಸುತ್ತು.

ಡ್ರಾ ಆದ ಆಟಕ್ಕೆ ಅರ್ಧ ಅಂಕ ಕೊಡುವುದೂ ಆಟದಷ್ಟು ಹಳೆಯದಲ್ಲ. 1862ರ ಲಂಡನ್ ಪಂದ್ಯಾವಳಿಯಲ್ಲಿ ಆಟ ಡ್ರಾ ಆದರೆ ಮತ್ತೆ ಆಡಬೇಕಿತ್ತು. 1867ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಆಟವನ್ನು ಮತ್ತೆ ಆಡಿಸುವ ಬದಲು ಇಬ್ಬರಿಗೂ ಅರ್ಧರ್ಧ ಅಂಕ ಹಂಚಿದರು. ಅಲ್ಲಿಗೆ ಡ್ರಾ ಎಂಬುದು ಅಪೂರ್ಣ ಆಟ ಎನಿಸಿಕೊಳ್ಳದೆ, ತನ್ನದೇ ಬೆಲೆಯುಳ್ಳ ಫಲಿತಾಂಶವಾಯಿತು.

ಏಲೊ ಮಾಡಿದ ಲೆಕ್ಕ

ಅಂಕಪಟ್ಟಿಯಲ್ಲಿ ಸಮವಾಗಿರುವ ಈ ಅರ್ಧ ಅಂಕ ರೇಟಿಂಗ್ ಪಟ್ಟಿಯಲ್ಲಿ ಸಮವಲ್ಲ. ಅದಕ್ಕೆ ಕಾರಣ ಹಂಗೇರಿಯಲ್ಲಿ ಹುಟ್ಟಿ, ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಆರ್ಪಾಡ್ ಏಲೊ (1903–1992). ಅವರ ಪದ್ಧತಿಯನ್ನು ಅಮೆರಿಕದ ಚೆಸ್ ಒಕ್ಕೂಟ 1960ರಲ್ಲಿ, ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡೆ 1970ರಲ್ಲಿ ಒಪ್ಪಿಕೊಂಡವು.

ಏಲೊ ಕೇಳಿದ ಪ್ರಶ್ನೆ ಸರಳ. ಇಬ್ಬರ ನಡುವಿನ ಅಂತರ ಇಷ್ಟಿದ್ದರೆ, ಪ್ರಬಲ ಆಟಗಾರ ಸರಾಸರಿ ಎಷ್ಟು ಅಂಕ ಗಳಿಸಬೇಕು? ಅಂತರವಿಲ್ಲದಿದ್ದರೆ ಆಟವೊಂದಕ್ಕೆ 0.50. ಅಂತರ 100 ಆದರೆ ಪ್ರಬಲನಿಂದ 0.64, 200 ಆದರೆ 0.76, 400 ಆದರೆ 0.92 ಅಂಕ ನಿರೀಕ್ಷಿತ. ಉಳಿದದ್ದು ದುರ್ಬಲನ ಪಾಲು. ಆಟ ಮುಗಿದ ಮೇಲೆ, ನಿಜವಾಗಿ ಬಂದ ಅಂಕದಿಂದ ನಿರೀಕ್ಷಿತ ಅಂಕವನ್ನು ಕಳೆದು, ಬಂದ ಉತ್ತರವನ್ನು ಒಂದು ಗುಣಕದಿಂದ ಗುಣಿಸುತ್ತಾರೆ. 2400ಕ್ಕಿಂತ ಕೆಳಗಿರುವ ಅನುಭವಸ್ಥರಿಗೆ ಈ ಗುಣಕ 20. ಹೊಸಬರಿಗೆ ಮೊದಲ 30 ಆಟಗಳವರೆಗೆ, ಹಾಗೂ 2300 ಮುಟ್ಟದ, 18 ವರ್ಷದೊಳಗಿನ ಮಕ್ಕಳಿಗೆ 40.

ಕುಷ್ಟಗಿಯ ಒಬ್ಬ ಹುಡುಗಿಯ ರೇಟಿಂಗ್ 1400, ಆಕೆಯ ಎದುರು ಕುಳಿತ ಹಿರಿಯರದು 1800 ಎಂದು ಇಟ್ಟುಕೊಳ್ಳೋಣ. ಆಟ ಡ್ರಾ ಆಯಿತು. ಹುಡುಗಿಯಿಂದ ನಿರೀಕ್ಷಿಸಿದ್ದು 0.08, ಬಂದದ್ದು 0.50. ಹೆಚ್ಚಳ 0.42, ಅದನ್ನು 40ರಿಂದ ಗುಣಿಸಿದರೆ 16.8. ಆಕೆಗೆ ಅಷ್ಟು ಲಾಭ. ಹಿರಿಯರಿಂದ ನಿರೀಕ್ಷಿಸಿದ್ದು 0.92, ಬಂದದ್ದು 0.50. ಕೊರತೆ ಅದೇ 0.42, ಅವರ ಗುಣಕ 20 ಆದ್ದರಿಂದ ನಷ್ಟ 8.4.

ಹುಡುಗಿ ಸೋತಿದ್ದರೆ ಕಳೆದುಕೊಳ್ಳುತ್ತಿದ್ದದ್ದು ಕೇವಲ 3.2. ಅಂದರೆ ಇಂಥ ಐದು ಸೋಲುಗಳ ಸಾಲವನ್ನು ಒಂದೇ ಡ್ರಾ ತೀರಿಸುತ್ತದೆ. ಹಿರಿಯರು ಗೆದ್ದಿದ್ದರೆ ಅವರಿಗೆ ಸಿಗುತ್ತಿದ್ದದ್ದು 1.6. ಅಂದರೆ ಇಂಥ ಐದು ಗೆಲುವುಗಳ ಸಂಪಾದನೆಯನ್ನು ಒಂದೇ ಡ್ರಾ ನುಂಗಿಬಿಡುತ್ತದೆ. ಸಣ್ಣ ಊರಿನಿಂದ ಬಂದ ಅಪರಿಚಿತ ಮಗುವಿನ ಎದುರು ಕೂರುವುದೆಂದರೆ ಅನುಭವಿಗಳಿಗೂ ಎದೆ ಡವಡವ ಎನ್ನುವುದು ಇದರಿಂದಲೇ.

ಇಲ್ಲಿ ಮರೆಯಬಾರದ ಇನ್ನೊಂದು ಅಂಶವಿದೆ. 0.08 ಎಂದರೆ ನೂರರಲ್ಲಿ ಎಂಟು ಗೆಲುವು ಎಂದೇ ಅರ್ಥವಲ್ಲ. 84 ಸೋಲು, 16 ಡ್ರಾ ಆದರೂ ಮೊತ್ತ ಎಂಟೇ. ದುರ್ಬಲ ಆಟಗಾರ ಅಂಕ ಕೂಡಿಸುವ ದಾರಿಯಲ್ಲಿ ಹೆಚ್ಚು ಸಲ ಸಿಗುವುದು ಡ್ರಾ. ಅದು ಪವಾಡವಲ್ಲ; ಲೆಕ್ಕ ಅದಕ್ಕೆ ಮೊದಲೇ ಜಾಗ ಬಿಟ್ಟಿದೆ.

ಬಲವಿಲ್ಲದವರ ಕೋಟೆ

ಲೆಕ್ಕ ಜಾಗ ಬಿಟ್ಟರೆ ಸಾಲದು, ಮಣೆಯ ಮೇಲೂ ಜಾಗ ಇರಬೇಕಲ್ಲ? ಇದೆ. ಚದುರಂಗದಲ್ಲಿ ಹೆಚ್ಚು ಕಾಯಿ ಉಳಿಸಿಕೊಂಡವರು ಗೆದ್ದಂತಲ್ಲ. ಎದುರಾಳಿಯ ರಾಜನನ್ನು ಕಟ್ಟಿಹಾಕಿ ಕೊಂದರೆ ಮಾತ್ರ ಗೆಲುವು. ಈ ಎರಡರ ನಡುವಿನ ಬಯಲಿನಲ್ಲಿ ಡ್ರಾ ವಾಸಿಸುತ್ತದೆ.

ಒಂದು ಪ್ರಸಿದ್ಧ ಉದಾಹರಣೆ. ಬಿಳಿಯ ಕಡೆ ಉಳಿದಿರುವುದು ರಾಜ, ಕಪ್ಪು ಮನೆಗಳಲ್ಲಿ ಮಾತ್ರ ಓಡಾಡುವ ಒಂಟೆ ಮತ್ತು ಎಡ ಅಂಚಿನ ಒಂದು ಕಾಲಾಳು. ಎದುರಿಗೆ ಕಪ್ಪು ರಾಜ ಒಬ್ಬನೇ. ನೋಡಿದವರೆಲ್ಲ ಬಿಳಿ ಗೆದ್ದಿತು ಎನ್ನುತ್ತಾರೆ. ಆದರೆ ಆ ಕಾಲಾಳು ಮಂತ್ರಿಯಾಗಬೇಕಾದ ಮೂಲೆಯ ಮನೆ ಬಿಳಿ ಬಣ್ಣದ್ದು. ಒಂಟೆ ಅದನ್ನು ಮುಟ್ಟಲಾರದು. ಕಪ್ಪು ರಾಜ ಮೊದಲೇ ಓಡಿಬಂದು ಆ ಮೂಲೆಯಲ್ಲಿ ಕುಳಿತರೆ ಅವನನ್ನು ಎಬ್ಬಿಸುವ ಶಕ್ತಿ ಬಿಳಿಗಿಲ್ಲ. ಹತ್ತಿರ ಬಂದು ಒತ್ತಿದರೆ ಅವನಿಗೆ ನಡೆಯಲು ಮನೆಯೇ ಇಲ್ಲದಂತಾಗಿ ಆಟ ಡ್ರಾ ಆಗುತ್ತದೆ. ಇದನ್ನು ಬಲ್ಲ ಹತ್ತು ವರ್ಷದ ಮಗು, ಇಪ್ಪತ್ತು ನಡೆ ಮೊದಲೇ ತನ್ನ ಕೊನೆಯ ಕಾಯಿಯನ್ನು ಕೊಟ್ಟು ಆ ಮೂಲೆಯ ದಾರಿ ಹಿಡಿಯಬಲ್ಲದು.

ಹೀಗೆಯೇ ನಿಲ್ಲದ ಚೆಕ್ ಇದೆ: ಸೋಲುವ ಸ್ಥಿತಿಯಲ್ಲಿರುವವರು ಎದುರಾಳಿಯ ರಾಜನಿಗೆ ಒಂದರ ಹಿಂದೊಂದು ಚೆಕ್ ಕೊಡುತ್ತ, ಬೇರೆ ನಡೆಗೆ ಅವಕಾಶವನ್ನೇ ಕೊಡುವುದಿಲ್ಲ. ಒಂದೇ ಸ್ಥಿತಿ ಮೂರನೆಯ ಸಲ ಬಂದರೆ ಡ್ರಾ ಕೇಳಬಹುದು. ಕಾಯಿ ಹೊಡೆಯದೆ, ಕಾಲಾಳು ಕದಲದೆ ಇಬ್ಬರೂ ತಲಾ 50 ನಡೆ ನಡೆದರೂ ಕೇಳಬಹುದು. ಈ ನಿಯಮಗಳು ಪ್ರಬಲರಿಗೆ ಹೇಳುವುದು ಒಂದೇ ಮಾತು: ಗೆಲ್ಲಬಲ್ಲೆ ಎನ್ನುವುದು ಸಾಲದು, ಗೆದ್ದು ತೋರಿಸಬೇಕು.

ಒಪ್ಪಂದದ ಡ್ರಾ ಇನ್ನೂ ಸೂಕ್ಷ್ಮ. ತನ್ನ ನಡೆ ನಡೆದು, ಗಡಿಯಾರ ಒತ್ತುವ ಮೊದಲು ಡ್ರಾ ಕೇಳಬೇಕು; ಕೇಳಿದ್ದಕ್ಕೆ ಗುರುತಾಗಿ ಇಬ್ಬರೂ ನಡೆ ಬರೆಯುವ ಹಾಳೆಯಲ್ಲಿ ಸಮ ಚಿಹ್ನೆ ಹಾಕಬೇಕು. ಕಡಿಮೆ ರೇಟಿಂಗ್‌ನವರು ಮತ್ತೆ ಮತ್ತೆ ಕೇಳುವುದು ಮರ್ಯಾದೆಯಲ್ಲ. ಅದು ಎದುರಾಳಿಗೆ ಕಿರುಕುಳ ಎಂದು ನಿರ್ಣಾಯಕರು ಎಚ್ಚರಿಸಬಹುದು. ಆದರೆ ಹೆಚ್ಚು ರೇಟಿಂಗ್‌ನವರು ತಾವಾಗಿ ಡ್ರಾ ಕೇಳಿದರೆ ಆಗ ಯೋಚಿಸಬೇಕಾದವರು ಕಿರಿಯರು. ದೊಡ್ಡವರು ಸುಮ್ಮನೆ ಕೈ ಚಾಚುವುದಿಲ್ಲ. ಅವರ ಆಟ ಕೆಟ್ಟಿರುವ ಸಂಭವವೇ ಹೆಚ್ಚು. ದೊಡ್ಡವರು ಕೇಳಿದರೆಂಬ ಸಂಭ್ರಮದಲ್ಲಿ ಗೆಲ್ಲುವ ಆಟವನ್ನು ಅರ್ಧಕ್ಕೆ ಮಾರಿಕೊಳ್ಳುವುದು ಹೊಸಬರ ಸಾಮಾನ್ಯ ತಪ್ಪು.

ಹುಲಿ ಸಿಕ್ಕಿಬಿದ್ದರೆ

ಚೆಕ್ ಇಲ್ಲದೆ ರಾಜ ಸುರಕ್ಷಿತನಾಗಿದ್ದು, ಆದರೆ ನಡೆಯಲು ಒಂದೂ ಮನೆ ಇಲ್ಲದ ಸ್ಥಿತಿಗೆ ಸ್ಟೇಲ್‌ಮೇಟ್ ಎನ್ನುತ್ತಾರೆ. ಇದು ಡ್ರಾ ಎಂಬುದು ಮಕ್ಕಳಿಗೆ ಮೊದಲು ವಿಚಿತ್ರವೆನಿಸುತ್ತದೆ. ಅದರಲ್ಲೂ ಹುಲಿ–ಆಡಿನ ಆಟ ಬಲ್ಲ ಮಕ್ಕಳಿಗೆ ಇನ್ನೂ ವಿಚಿತ್ರ.

ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ತುಂಗಭದ್ರೆ ದಾಟಿದರೆ ಹಂಪಿ. ಈ ಪರಿಸರದ ಹಳೆಯ ಮಂಟಪಗಳ ಕಲ್ಲುಹಾಸಿನ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಕಾಣಬಹುದು. ಹುಲಿ–ಆಡಿನ ಆಟ ಅಸಮ ಬಲಗಳ ನಡುವಿನ ಹೋರಾಟವೇ. ಅದರ ಒಂದು ಸಾಮಾನ್ಯ ರೂಪದಲ್ಲಿ ಒಬ್ಬರ ಕಡೆ ಮೂರು ಹುಲಿ, ಇನ್ನೊಬ್ಬರ ಕಡೆ ಹದಿನೈದು ಆಡು. ಹುಲಿ ಹಾರಿ ಆಡನ್ನು ತಿನ್ನುತ್ತದೆ. ಆಡು ಹುಲಿಯನ್ನು ತಿನ್ನಲಾರದು. ಆದರೆ ಆಡುಗಳು ಒತ್ತೊತ್ತಾಗಿ ನಿಂತು ಹುಲಿಗಳಿಗೆ ಕದಲಲು ದಾರಿ ಇಲ್ಲದಂತೆ ಮಾಡಿದರೆ ಆಡುಗಳೇ ಗೆದ್ದಂತೆ. ಅಲ್ಲಿ ಕಟ್ಟಿಹಾಕುವುದೇ ಗೆಲುವು. ಚದುರಂಗದಲ್ಲಿ ಚೆಕ್ ಇಲ್ಲದೆ ಕಟ್ಟಿಹಾಕಿದರೆ ಕೈಗೆ ಬಂದ ಗೆಲುವು ಜಾರಿತು.

ಚದುರಂಗದಲ್ಲೂ ಈ ವಿಷಯದಲ್ಲಿ ಒಮ್ಮತ ಇರಲಿಲ್ಲ. 9ನೆಯ ಶತಮಾನದ ಅರಬ್ ಚದುರಂಗ ಪಟು ಅಲ್ ಆದ್ಲಿ ಭಾರತೀಯರ ಆಟಕ್ಕೂ ತಮ್ಮ ಆಟಕ್ಕೂ ಇರುವ ವ್ಯತ್ಯಾಸಗಳನ್ನು ದಾಖಲಿಸಿದ್ದಾನೆ. ಅವನ ಪ್ರಕಾರ ಭಾರತೀಯರಲ್ಲಿ ನಡೆಯಿಲ್ಲದೆ ಸಿಕ್ಕಿಬಿದ್ದ ರಾಜನ ಪಕ್ಷವೇ ಗೆದ್ದಂತೆ. ಅರಬ್ಬರಲ್ಲಿ ಇದಕ್ಕೆ ವಿರುದ್ಧ: ಸಿಕ್ಕಿಸಿದವನು ಗೆದ್ದ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮತ್ತೆ ಸಿಕ್ಕಿಬಿದ್ದವನಿಗೇ ಜಯ. ಇದನ್ನು ಡ್ರಾ ಎಂದು ಎಲ್ಲೆಡೆ ಒಪ್ಪಿದ್ದು 19ನೆಯ ಶತಮಾನದಲ್ಲಿ. ಭಾರತದ ಕೆಲವೆಡೆ ಅಂಥ ನಡೆಯನ್ನೇ ನಿಷೇಧಿಸಿದ್ದೂ ಉಂಟು. ಬಲವಿಲ್ಲದವನು ಸಿಕ್ಕಿಬಿದ್ದಾಗ ಅವನಿಗೆ ಎಷ್ಟು ಆಸರೆ ಕೊಡಬೇಕು ಎಂಬ ವಾದ ಸಾವಿರ ವರ್ಷ ನಡೆದು, ಅರ್ಧ ಅಂಕದಲ್ಲಿ ರಾಜಿಯಾಯಿತು ಎನ್ನಬಹುದು.

ಆ ಸಾವಿರ ವರ್ಷದ ಕತೆಯಲ್ಲಿ ಈ ನೆಲಕ್ಕೂ ಪಾಲಿದೆ. ಯಲಬುರ್ಗಾ, ಆಗಿನ ಎರಂಬರಗೆ, ಕಲ್ಯಾಣ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕ್ರಿ.ಶ. 1112ರಲ್ಲಿ ಮಹಾದೇವ ದೇವಾಲಯ ಕಟ್ಟಿಸಿದ. ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ವಿಶ್ವಕೋಶದ ಕರ್ತೃ. ಅಡುಗೆ, ಸಂಗೀತ, ಬೇಟೆಗಳ ಜತೆಗೆ ಅದರಲ್ಲಿ ಚದುರಂಗದ ವಿವರವೂ ಇದೆ. ರಾಜ್ಯವಾಳಿದವನೇ ಕುಳಿತು ಚದುರಂಗದ ಕಾಯಿಗಳ ನಡೆಯನ್ನು ಬರೆಸಿದ ಕಾಲದಲ್ಲಿ ಇಟಗಿಯ ದೇವಾಲಯ ಇನ್ನೂ ಹೊಸದು.

ಪ್ರಾಗ್, ರೇಕ್ಯಾವಿಕ್

ದೇಶೀ ನಿಯಮದಲ್ಲಿ ಬೆಳೆದ ಆಟಗಾರ ಜಗತ್ತಿನ ಮೇಲುಸಾಲಿನವರ ಎದುರು ಕುಳಿತರೆ ಏನಾಗುತ್ತದೆ ಎಂಬುದಕ್ಕೆ ಮೀರ್ ಸುಲ್ತಾನ್ ಖಾನ್ ಸಾಕ್ಷಿ. ಅವಿಭಜಿತ ಪಂಜಾಬಿನ ಈತ ಕಲಿತದ್ದು ಭಾರತೀಯ ಪದ್ಧತಿಯ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದಿಡುತ್ತದೆ. ರಾಜ ಒಮ್ಮೆ ಮಾತ್ರ ಕುದುರೆಯಂತೆ ಹಾರಬಹುದು. 1929ರಲ್ಲಿ ಲಂಡನ್‌ಗೆ ಹೋದಾಗ ಆರಂಭದ ನಡೆಗಳ ಬಗ್ಗೆ ಯುರೋಪಿನವರು ಪುಸ್ತಕ ಓದಿ ತಿಳಿದದ್ದು ಈತನಿಗೆ ತಿಳಿದಿರಲಿಲ್ಲ. ಆದರೂ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದ. ಮತ್ತೆ 1932, 1933ರಲ್ಲೂ ಆದ. 1931ರಲ್ಲಿ ಪ್ರಾಗ್ ಒಲಿಂಪಿಯಾಡ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಅಲೆಖೈನ್ ಜೊತೆ ಡ್ರಾ ಮಾಡಿಕೊಂಡ. ಆಗ ಏಲೊ ರೇಟಿಂಗ್ ಇರಲಿಲ್ಲ. ಇದ್ದಿದ್ದರೆ, ಊರಿಂದ ಬಂದ ಹೊಸದರಲ್ಲಿ ಈತನ ಹೆಸರಿನ ಮುಂದೆಯೂ ಸೊನ್ನೆಯೇ ಇರುತ್ತಿತ್ತು. 1966ರಲ್ಲಿ ತೀರಿಕೊಂಡ ಸುಲ್ತಾನ್ ಖಾನ್‌ಗೆ ಫಿಡೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ನೀಡಿದ್ದು 2024ರಲ್ಲಿ.

ಇನ್ನೊಂದು ಹೆಸರಾಂತ ಡ್ರಾ 2004ರ ಮಾರ್ಚ್‌ನದು. ಐಸ್ಲೆಂಡಿನ ರೇಕ್ಯಾವಿಕ್‌ನಲ್ಲಿ ನಡೆದ ಕ್ಷಿಪ್ರ ಪಂದ್ಯಾವಳಿಯಲ್ಲಿ, 2800 ದಾಟಿದ್ದ ಗ್ಯಾರಿ ಕ್ಯಾಸ್ಪರೋವ್ ಎದುರು 2500ನ್ನೂ ಮುಟ್ಟದ 13 ವರ್ಷದ ನಾರ್ವೆಯ ಹುಡುಗ ಮ್ಯಾಗ್ನಸ್ ಕಾರ್ಲ್‌ಸನ್ ಕುಳಿತಿದ್ದ. ಮೊದಲ ಆಟ ಡ್ರಾ. ಪಟ್ಟಿ ನೋಡಿದವರು ಹುಡುಗ ಬಚಾವಾದ ಎಂದುಕೊಳ್ಳಬಹುದು. ಆಟ ನೋಡಿದವರಿಗೆ ಗೊತ್ತು, ಬಚಾವಾದದ್ದು ಕ್ಯಾಸ್ಪರೋವ್. ಮೇಲುಗೈ ಇದ್ದದ್ದು ಹುಡುಗನಿಗೆ. ಎರಡನೆಯ ಆಟವನ್ನು ಕ್ಯಾಸ್ಪರೋವ್ ಗೆದ್ದ. ಆದರೆ ಒಂಬತ್ತು ವರ್ಷಗಳ ನಂತರ, 2013ರಲ್ಲಿ, ಚೆನ್ನೈನಲ್ಲಿ ವಿಶ್ವನಾಥನ್ ಆನಂದ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದವನು ಇದೇ ಕಾರ್ಲ್‌ಸನ್.

ಈ ಎರಡು ಆಟಗಳು ಹೇಳುವುದಿಷ್ಟು. ರೇಟಿಂಗ್ ಎಂಬುದು ಆಟಗಾರ ಈವರೆಗೆ ಏನು ಮಾಡಿದ್ದಾನೆ ಎಂಬುದರ ಲೆಕ್ಕ. ಈಗ ಏನು ಬಲ್ಲ ಎಂಬುದರದಲ್ಲ. ಬೆಳೆಯುತ್ತಿರುವ ಮಗುವಿನ ವಿಷಯದಲ್ಲಿ ಈ ಎರಡರ ಅಂತರ ಹೆಚ್ಚು. ಪಂದ್ಯಾವಳಿಗಳು ಅಪರೂಪವಾದ ಊರಿನ ಮಗುವಿನ ವಿಷಯದಲ್ಲಂತೂ ಇನ್ನೂ ಹೆಚ್ಚು. ಆಡಲು ಅವಕಾಶ ಸಿಗದಿದ್ದರೆ ರೇಟಿಂಗ್ ಬದಲಾಗುವುದಿಲ್ಲ, ಆಟ ಬದಲಾಗಿರುತ್ತದೆ. ಅಸಮರ ನಡುವಿನ ಡ್ರಾ ಅನೇಕ ಸಲ ಹೊರಗೆಡಹುವುದು ಈ ಬಾಕಿಯನ್ನು.

ಸೊನ್ನೆ ಮತ್ತು ಅರ್ಧ

ರೇಟಿಂಗ್ ಇಲ್ಲದವರಿಗೆ ಈ ಅರ್ಧ ಅಂಕದ ಬೆಲೆ ಎಲ್ಲರಿಗಿಂತ ಹೆಚ್ಚು. ಫಿಡೆ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ರೇಟಿಂಗ್ ಇರುವ ಕನಿಷ್ಠ 5 ಎದುರಾಳಿಗಳೊಡನೆ ಆಡಿರಬೇಕು. ಜೊತೆಗೆ ಇನ್ನೊಂದು ನಿಯಮವಿದೆ: ಮೊದಲ ಪಂದ್ಯಾವಳಿಯಲ್ಲಿ ರೇಟಿಂಗ್ ಇರುವವರ ಎದುರು ಬರಿಯ ಸೊನ್ನೆ ಬಂದರೆ ಆ ಆಟಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಐದು ದಿನ ಆಡಿದ್ದರೂ ಆಡದಂತೆಯೇ. ಅದರ ನಡುವೆ ಒಂದೇ ಒಂದು ಡ್ರಾ ಬಂದರೂ ಎಲ್ಲ ಆಟಗಳೂ ಲೆಕ್ಕಕ್ಕೆ ಬರುತ್ತವೆ.

2024ರ ಮಾರ್ಚ್‌ನಿಂದ ಫಿಡೆ ತನ್ನ ನಿಯಮ ಬದಲಿಸಿ ಕನಿಷ್ಠ ರೇಟಿಂಗ್ ಅನ್ನು 1000ದಿಂದ 1400ಕ್ಕೆ ಏರಿಸಿತು. ಹೊಸಬರ ಮೊದಲ ರೇಟಿಂಗ್ ಎಣಿಸುವಾಗ, ಅವರು ನಿಜವಾಗಿ ಆಡಿದ ಆಟಗಳ ಜೊತೆಗೆ, 1800 ರೇಟಿಂಗ್‌ನ ಇಬ್ಬರು ಕಾಲ್ಪನಿಕ ಎದುರಾಳಿಗಳೊಡನೆ ಡ್ರಾ ಮಾಡಿಕೊಂಡಂತೆ ಎರಡು ಆಟಗಳನ್ನು ಸೇರಿಸುತ್ತಾರೆ. ಹೊಸಬರ ಮೊದಲ ಲೆಕ್ಕ ಒಂದೇ ಕಡೆ ವಾಲದಿರಲಿ ಎಂಬುದು ಇದರ ಉದ್ದೇಶ. ಪ್ರಬಲರೊಡನೆ ಸಮ ಮಾಡಿಕೊಂಡ ಎರಡು ಆಟ ಹೀಗೆ ಪ್ರತಿ ಹೊಸಬನ ಖಾತೆಗೂ ಮೊದಲೇ ಜಮೆಯಾಗಿರುತ್ತದೆ. ಆದರೆ ಆ ಖಾತೆ ತೆರೆಯಬೇಕಾದರೆ ನಿಜವಾದ ಅರ್ಧ ಅಂಕವನ್ನಾದರೂ ಮಣೆಯ ಮೇಲೆ ಗಳಿಸಲೇಬೇಕು.

ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಮೂಲಕ. ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆನಂದ್ ಆ ಪದವಿ ಪಡೆದು ಆಗ 29 ವರ್ಷಗಳಾಗಿದ್ದವು. ಮೇಲಿನ ಮೆಟ್ಟಿಲು ಹತ್ತಲು ಒಂದು ಇಡೀ ರಾಜ್ಯಕ್ಕೆ ಇಷ್ಟು ಕಾಲ ಬೇಕಾಯಿತು. ಕೆಳಗಿನ ಮೊದಲ ಮೆಟ್ಟಿಲಿಗೆ ಬೇಕಾದದ್ದು ಅಷ್ಟಿಲ್ಲ: ಆಡಲು ಬರುವ ಅವಕಾಶ, ಮೂಲೆಯ ಮನೆಯ ಬಣ್ಣ ಯಾವುದೆಂದು ಕಲಿಸುವ ಒಬ್ಬ ಮೇಷ್ಟ್ರು, ಸೋಲು ಖಚಿತವೆಂದು ಎಲ್ಲರೂ ಹೇಳಿದ ಮೇಲೂ ಕುರ್ಚಿ ಬಿಟ್ಟು ಏಳದ ಹಟ.

ಆಟ ಮುಗಿದಾಗ ಇಬ್ಬರೂ ಕೈ ಕುಲುಕಿ, ಹಾಳೆಗೆ ಸಹಿ ಹಾಕಿ, ನಿರ್ಣಾಯಕರಿಗೆ ಕೊಡುತ್ತಾರೆ. ಇಬ್ಬರೂ ರಾಜರನ್ನು ಮಣೆಯ ನಡುವೆ ನಿಲ್ಲಿಸುವ ರೂಢಿಯೂ ಅನೇಕ ಕಡೆ ಇದೆ. ಮುಂದಿನ ಸುತ್ತಿನ ಪಟ್ಟಿ ಬಂದಾಗ ಊರಿನಿಂದ ಬಂದ ಮಗುವಿನ ಹೆಸರು ಕೆಲವು ಸಾಲು ಮೇಲಕ್ಕೆ ಸರಿದಿರುತ್ತದೆ. ಎದುರಿಗೆ ಇನ್ನೊಬ್ಬ ಪ್ರಬಲ ಎದುರಾಳಿ. ಅವರು ಈ ಸಲ ಮಗುವಿನ ಹೆಸರನ್ನು ಒಮ್ಮೆ ಓದಿ, ಪಕ್ಕದ ಅರ್ಧ ಅಂಕ ನೋಡಿ, ಅದು ಯಾರೊಡನೆ ಬಂದದ್ದೆಂದು ಹಿಂದಿನ ಪಟ್ಟಿಯಲ್ಲಿ ಹುಡುಕುತ್ತಾರೆ.